ಬಲಗಡೆಯ ಅಂಡಾಶಯ

2018ರ ಜೂನ್ ತಿಂಗಳ ಒಂದು ಮಧ್ಯಾಹ್ನ, ಶಿವಮೊಗ್ಗದ ಸ್ಕ್ಯಾನಿಂಗ್ ಸೆಂಟರೊಂದರ ಬೆಂಚಿನ ಮೇಲೆ ನಾನು ಒಂದೂವರೆ ಲೀಟರ್ ನೀರು ಕುಡಿದು, ಬಿಗಿಹಿಡಿದು ಕುಳಿತಿದ್ದೆ. ಮದುವೆಯಾಗದ ಹೆಣ್ಣುಮಕ್ಕಳಿಗೆ ನಮ್ಮಲ್ಲಿ ಸಾಮಾನ್ಯವಾಗಿ ಹೊಟ್ಟೆಯ ಮೇಲಿನಿಂದಲೇ ಸ್ಕ್ಯಾನ್ ಮಾಡುವುದರಿಂದ, ಒಳಗಿನದು ಸರಿಯಾಗಿ ಕಾಣಬೇಕಾದರೆ ಮೂತ್ರಕೋಶ ತುಂಬಿರಬೇಕು. ಎದುರಿನ ಗೋಡೆಯಲ್ಲಿ ಭ್ರೂಣಲಿಂಗ ಪತ್ತೆ ಅಪರಾಧವೆಂದು ಬರೆದ ಫಲಕವಿತ್ತು. ಅದರ ಕೆಳಗೆ ಸಾಲಾಗಿ ಕುಳಿತವರೆಲ್ಲ ಬಸುರಿಯರು, ಅವರ ಜೊತೆಗೆ ಬಂದ ತಾಯಂದಿರು, ಅತ್ತೆಯಂದಿರು. ನನಗಾಗ 28 ವರ್ಷ. ಮುಟ್ಟಿನ ಮೊದಲ ಎರಡು ದಿನ ಕಾಲೇಜಿಗೆ ರಜೆ ಹಾಕಬೇಕಾಗುವಷ್ಟು ನೋವು ಶುರುವಾಗಿ ಮೂರು ವರ್ಷ ಕಳೆದಿತ್ತು, ಮತ್ತು ‘ಎಲ್ಲರಿಗೂ ಇರುವುದೇ’ ಎಂಬ ಮಾತನ್ನು ಕೇಳಿ ಕೇಳಿ ನಾನೂ ಅದನ್ನೇ ನಂಬಿದ್ದೆ. ಹತ್ತು ನಿಮಿಷದ ಸ್ಕ್ಯಾನಿನ ನಂತರ ಕೈಗೆ ಬಂದ ರಿಪೋರ್ಟಿನಲ್ಲಿ ಎರಡು ಸಾಲುಗಳಿದ್ದವು: ಬಲ ಅಂಡಾಶಯದಲ್ಲಿ 5.4 ಸೆಂಟಿಮೀಟರಿನ ಸಿಸ್ಟ್, ಎಡ ಅಂಡಾಶಯದಲ್ಲಿ 3.6 ಸೆಂಟಿಮೀಟರಿನ ಸಿಸ್ಟ್.

ಅದೇ ಸಂಜೆ ಒಂದು ಆಸ್ಪತ್ರೆಯಲ್ಲಿ ನಮ್ಮನ್ನು ನೋಡಿದ ವೈದ್ಯರು, ಎರಡೂ ಕಡೆಯ ಗುಳ್ಳೆಗಳನ್ನು ಬರುವ ಸೋಮವಾರವೇ ತೆಗೆದುಬಿಡೋಣ, ಮದುವೆಗೆ ಮೊದಲೇ ಇದೆಲ್ಲ ಮುಗಿದುಹೋದರೆ ಒಳ್ಳೆಯದು ಎಂದರು. ಮಾತು ನನ್ನ ಬಗ್ಗೆಯೇ ಆದರೂ ಅವರು ನೋಡುತ್ತಿದ್ದದ್ದು ಅಮ್ಮನ ಮುಖವನ್ನು. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ, ಅದೂ ಪಿಸುದನಿಯಲ್ಲಿ: “ಮುಂದೆ ಮಕ್ಕಳಾಗೋದಕ್ಕೆ ತೊಂದರೆ ಇಲ್ಲ ಅಲ್ವಾ ಡಾಕ್ಟ್ರೇ?” ಏನೂ ಆಗುವುದಿಲ್ಲ ಎಂಬ ಉತ್ತರ ತಕ್ಷಣವೇ ಬಂತು. ಆದರೆ ನರ್ಸ್ ಸಹಿಗೆಂದು ತಂದಿಟ್ಟ ಇಂಗ್ಲಿಷಿನ ಒಪ್ಪಿಗೆ ಪತ್ರವನ್ನು ಓದುತ್ತ ಹೋದಾಗ ಐದನೆಯ ಸಾಲಿನಲ್ಲಿ, ಅಗತ್ಯಬಿದ್ದರೆ ಅಂಡಾಶಯವನ್ನೇ ತೆಗೆಯುವುದಕ್ಕೂ ನನ್ನ ಒಪ್ಪಿಗೆಯಿದೆ ಎಂದಿತ್ತು. ಯಾವ ಅಗತ್ಯ, ಯಾವ ಕಡೆಯದು, ಒಂದೋ ಎರಡೋ ಎಂಬುದು ಅಲ್ಲಿರಲಿಲ್ಲ. ನಾನು ಸಹಿ ಹಾಕದೆ ಆ ಕಾಗದವನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಬಂದೆ. ಮನೆಗೆ ಬರುವ ದಾರಿಯಲ್ಲಿ ಆಟೋದಲ್ಲಿ ಅಮ್ಮ, “ಇದನ್ನ ಯಾರ ಹತ್ರನೂ ಹೇಳಬೇಡ ಪುಟ್ಟಿ” ಎಂದಷ್ಟೇ ಹೇಳಿದಳು.

ಆ ರಾತ್ರಿಯಿಂದ ಓದತೊಡಗಿದೆ. ಹೈಸ್ಕೂಲಿನಲ್ಲಿ ಜೀವಶಾಸ್ತ್ರದ ಮೇಷ್ಟ್ರು ಅವಸರದಲ್ಲಿ ದಾಟಿಸಿಬಿಟ್ಟ ಪಾಠವನ್ನು ನಾನು ಸರಿಯಾಗಿ ತಿಳಿದುಕೊಂಡದ್ದು ಹಾಗೆ. ಹೆಣ್ಣುಮಗು ಹುಟ್ಟುವಾಗಲೇ ಅವಳ ಎರಡು ಅಂಡಾಶಯಗಳಲ್ಲಿ ಸುಮಾರು 10ರಿಂದ 20 ಲಕ್ಷ ಅಂಡಾಣುಗಳಿರುತ್ತವೆ. ಮೈನೆರೆಯುವ ಹೊತ್ತಿಗೆ ಅವು 3ರಿಂದ 4 ಲಕ್ಷಕ್ಕೆ ಇಳಿದಿರುತ್ತವೆ. ಇಡೀ ಆಯುಷ್ಯದಲ್ಲಿ ಪಕ್ವವಾಗಿ ಹೊರಬರುವವು ನಾನೂರು ಐನೂರು ಮಾತ್ರ. ಪ್ರತಿ ತಿಂಗಳೂ ಒಂದು ಅಂಡಾಣು ತನ್ನ ಸುತ್ತ ನೀರು ತುಂಬಿಕೊಂಡು, ಸುಮಾರು ಎರಡು ಸೆಂಟಿಮೀಟರಿನ ಕೋಶಿಕೆಯಾಗಿ ಬೆಳೆದು, ಒಡೆದು ಹೊರಬರುತ್ತದೆ. ಅಂದರೆ ಅಂಡಾಶಯದ ದಿನನಿತ್ಯದ ಕೆಲಸವೇ ನೀರುಗುಳ್ಳೆ ಕಟ್ಟುವುದು. ಕೆಲವೊಮ್ಮೆ ಆ ಕೋಶಿಕೆ ಒಡೆಯದೆ ಇನ್ನಷ್ಟು ಬೆಳೆಯುತ್ತದೆ, ಇಲ್ಲವೇ ಒಡೆದ ಜಾಗ ಮುಚ್ಚಿಕೊಂಡು ಒಳಗೆ ನೀರೋ ರಕ್ತವೋ ತುಂಬಿಕೊಳ್ಳುತ್ತದೆ. ಇಂಥವು ಬಹುಪಾಲು ಎರಡು ಮೂರು ಮುಟ್ಟಿನೊಳಗೆ ತಾವಾಗಿಯೇ ಕರಗುತ್ತವೆ. ಮುಟ್ಟು ನಿಲ್ಲದ ವಯಸ್ಸಿನವರಲ್ಲಿ ಐದು ಸೆಂಟಿಮೀಟರಿಗಿಂತ ಚಿಕ್ಕದಾದ, ಒಳಗೆ ಬರೀ ತಿಳಿನೀರಿರುವ ಗುಳ್ಳೆಗೆ ಸಾಮಾನ್ಯವಾಗಿ ಮರುಪರೀಕ್ಷೆಯೂ ಬೇಕಾಗುವುದಿಲ್ಲ, ಐದರಿಂದ ಏಳರೊಳಗಿನದನ್ನು ವರ್ಷಕ್ಕೊಮ್ಮೆ ಸ್ಕ್ಯಾನಿನಲ್ಲಿ ನೋಡಿಕೊಂಡರೆ ಸಾಕು ಎಂದು ಬ್ರಿಟನ್ನಿನ ಸ್ತ್ರೀರೋಗ ತಜ್ಞರ ರಾಯಲ್ ಕಾಲೇಜು 2011ರ ಮಾರ್ಗಸೂಚಿಯಲ್ಲಿ ಹೇಳಿದೆ. ನನ್ನ ಎಡಗಡೆಯದು 3.6 ಸೆಂಟಿಮೀಟರ್. ಸೋಮವಾರ ಅದಕ್ಕೂ ಕತ್ತರಿ ಬೀಳುವುದಿತ್ತು.

ಎರಡನೆಯ ಅಭಿಪ್ರಾಯಕ್ಕಾಗಿ ಮಂಗಳೂರಿಗೆ ಹೋದೆವು. ಅಲ್ಲಿಯ ವೈದ್ಯೆ ನನ್ನ ಹಳೆಯ ರಿಪೋರ್ಟನ್ನು ಬದಿಗಿಟ್ಟು ಮೊದಲು ನೋವಿನ ಬಗ್ಗೆ ಕೇಳಿದರು: ಮುಟ್ಟಿಗೆ ಎಷ್ಟು ದಿನ ಮೊದಲು ಶುರುವಾಗುತ್ತದೆ, ಮಲವಿಸರ್ಜನೆಯ ಹೊತ್ತಿನಲ್ಲಿ ಹೆಚ್ಚುತ್ತದೆಯೇ, ಸೊಂಟಕ್ಕೆ ಇಳಿಯುತ್ತದೆಯೇ. ಹಾಗೆ ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ. ತಾವೇ ಮತ್ತೆ ಸ್ಕ್ಯಾನ್ ಮಾಡಿ, ಪರದೆಯನ್ನು ನನ್ನ ಕಡೆ ತಿರುಗಿಸಿ ತೋರಿಸಿದರು. ಎಡಗಡೆಯದು ಪೂರ್ತಿ ಕಪ್ಪಾಗಿ, ತೆಳುಗೋಡೆಯ ತಿಳಿನೀರಿನ ಗುಳ್ಳೆಯಾಗಿ ಕಂಡರೆ, ಬಲಗಡೆಯದು ಮಂಜು ಕವಿದ ಗಾಜಿನ ಹಾಗೆ ಮಸುಕು ಬೂದು ಬಣ್ಣದಲ್ಲಿತ್ತು. “ಎಡಗಡೆಯದನ್ನು ಮುಟ್ಟುವುದು ಬೇಡ, ಅದು ಹೋಗುತ್ತದೆ. ಬಲಗಡೆಯದು ಚಾಕೊಲೇಟ್ ಸಿಸ್ಟ್, ಅಂದರೆ ಹಳೆಯ ರಕ್ತ ತುಂಬಿಕೊಂಡ ಗುಳ್ಳೆ. ಅದಕ್ಕೂ ಅವಸರವಿಲ್ಲ, ಆದರೆ ಅದನ್ನು ಮರೆಯುವ ಹಾಗೂ ಇಲ್ಲ” ಎಂದರು. ಎರಡು ತಿಂಗಳ ನಂತರದ ಸ್ಕ್ಯಾನಿನಲ್ಲಿ ಎಡಗಡೆಯ ಗುಳ್ಳೆ ಇರಲಿಲ್ಲ.

ಆ ಎರಡು ತಿಂಗಳು ನಮ್ಮ ಪಕ್ಕದ ಮನೆಯ ಅಜ್ಜಿ ಅಶೋಕದ ತೊಗಟೆಯ ಕಷಾಯವನ್ನು ದಿನವೂ ಕಳಿಸುತ್ತಿದ್ದರು, ಮತ್ತು ಗುಳ್ಳೆ ಕರಗಿದ್ದು ಅದರಿಂದಲೇ ಎಂದು ಅವರು ಇಂದಿಗೂ ಪ್ರೀತಿಯಿಂದ ನಂಬಿದ್ದಾರೆ. ತಾನಾಗಿ ಹೋಗುವ ಕಾಯಿಲೆಯಲ್ಲಿ ಆಗ ಯಾವುದನ್ನು ಕುಡಿಯುತ್ತಿದ್ದೆವೋ ಅದಕ್ಕೇ ಹೆಸರು ಬರುತ್ತದೆ. ಇದು ಕಷಾಯದ ಕತೆ ಮಾತ್ರವಲ್ಲ. ಗರ್ಭನಿರೋಧಕ ಮಾತ್ರೆ ಕೊಟ್ಟು ನೀರುಗುಳ್ಳೆ ಕರಗಿಸುವ ರೂಢಿ ದಶಕಗಳ ಕಾಲ ನಡೆದುಬಂದಿತ್ತು, ಕೊನೆಗೆ ಪರೀಕ್ಷಿಸಿ ನೋಡಿದಾಗ ಮಾತ್ರೆ ನುಂಗಿದವರಲ್ಲೂ ನುಂಗದವರಲ್ಲೂ ಅವು ಸರಿಸುಮಾರು ಒಂದೇ ವೇಗದಲ್ಲಿ ಹೋಗುತ್ತಿದ್ದವು. ಮಾತ್ರೆ ಅಂಡೋತ್ಪತ್ತಿಯನ್ನು ತಡೆದು ಹೊಸ ಗುಳ್ಳೆ ಹುಟ್ಟುವುದನ್ನು ಕಡಿಮೆ ಮಾಡಬಲ್ಲದು. ಈಗಾಗಲೇ ಇರುವುದನ್ನು ಓಡಿಸಲಾರದು.

ಹಾಗೆಂದು ಕಾಯುವುದೇ ಎಲ್ಲಕ್ಕೂ ಮದ್ದು ಎಂದು ನಾನು ಹೇಳಿದರೆ ಅದು ದೊಡ್ಡ ತಪ್ಪಾಗುತ್ತದೆ. ನನ್ನ ಚಿಕ್ಕಮ್ಮನ ಮಗಳಿಗೆ 19 ವರ್ಷವಿದ್ದಾಗ ರಾತ್ರಿ ಹನ್ನೊಂದರ ಹೊತ್ತಿಗೆ ಹೊಟ್ಟೆಯ ಬಲಭಾಗದಲ್ಲಿ ಇದ್ದಕ್ಕಿದ್ದಂತೆ ನೋವು ಬಂದು, ಬೆನ್ನಿಗೇ ವಾಂತಿ ಶುರುವಾಯಿತು. ಮನೆಯಲ್ಲಿ ಗ್ಯಾಸ್ಟ್ರಿಕ್ ಇರಬೇಕೆಂದು ಬೆಳಗಿನವರೆಗೆ ನೋಡೋಣ ಎನ್ನುತ್ತಿದ್ದಾಗ, ಹಠ ಮಾಡಿ ಅವಳನ್ನು ಚಿಕ್ಕಮಗಳೂರಿಗೆ ಕರೆದೊಯ್ದವಳು ಅವಳ ಅಕ್ಕ. ಏಳು ಸೆಂಟಿಮೀಟರಿನ ಡರ್ಮಾಯ್ಡ್ ಸಿಸ್ಟಿನ ಭಾರಕ್ಕೆ ಅಂಡಾಶಯ ತನ್ನ ಬುಡದಲ್ಲೇ ತಿರುಚಿಕೊಂಡು, ರಕ್ತ ಸಂಚಾರ ನಿಂತು ನೀಲಿಗಟ್ಟಿತ್ತು. ಡರ್ಮಾಯ್ಡ್ ಎಂಬುದು ಅಂಡಾಣುವಿನ ಮೂಲಕೋಶದಿಂದಲೇ ಹುಟ್ಟುವ ಗಡ್ಡೆ. ಒಳಗೆ ಕೊಬ್ಬು, ಕೂದಲು, ಕೆಲವೊಮ್ಮೆ ಹಲ್ಲು ಕೂಡ ಇರುತ್ತವೆ, ಬಹುತೇಕ ಅಪಾಯಕಾರಿಯಲ್ಲ, ಆದರೆ ತಾನಾಗಿ ಕರಗುವಂಥದ್ದೂ ಅಲ್ಲ. ಹಿಂದೆ ಹೀಗೆ ನೀಲಿಗಟ್ಟಿದ ಅಂಡಾಶಯವನ್ನು ಸತ್ತುಹೋಯಿತೆಂದು ತೆಗೆದುಬಿಡುತ್ತಿದ್ದರು. ಈಗ ಸುತ್ತು ಬಿಡಿಸಿ ಅಲ್ಲಿಯೇ ಉಳಿಸುತ್ತಾರೆ, ಯಾಕೆಂದರೆ ನೋಡುವುದಕ್ಕೆ ಕಪ್ಪಾದ ಅಂಡಾಶಯವೂ ರಕ್ತ ಹರಿದ ಮೇಲೆ ಬಹುಪಾಲು ಚೇತರಿಸಿಕೊಳ್ಳುತ್ತದೆ. ಅವಳದ್ದು ಚೇತರಿಸಿಕೊಂಡಿತು, ಈಗ ಅವಳಿಗೆ ಇಬ್ಬರು ಮಕ್ಕಳು. ಹೊಟ್ಟೆಯ ಒಂದು ಪಕ್ಕದಲ್ಲಿ ಹಠಾತ್ತನೆ ಬಂದು ವಾಂತಿ ತರಿಸುವ ನೋವನ್ನು ಬೆಳಗಿನವರೆಗೆ ಕಾಯಿಸಬಾರದೆಂಬುದನ್ನು ನಾನು ಕಲಿಸುವ ಹುಡುಗಿಯರಿಗೆಲ್ಲ ಪ್ರತಿ ವರ್ಷವೂ ಹೇಳುತ್ತೇನೆ.

ಇನ್ನೆರಡು ಗೊಂದಲಗಳನ್ನು ಇಲ್ಲಿಯೇ ಬಿಡಿಸಿಡಬೇಕು. ಪಿಸಿಓಎಸ್ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್) ಎಂಬ ಹಾರ್ಮೋನಿನ ಏರುಪೇರಿನ ಹೆಸರಿನಲ್ಲಿ ಸಿಸ್ಟ್ ಇದ್ದರೂ ಅಲ್ಲಿ ಕಾಣುವವು ಪಕ್ವವಾಗದೆ ನಿಂತ, ಒಂದು ಸೆಂಟಿಮೀಟರೂ ಇರದ ಪುಟ್ಟ ಕೋಶಿಕೆಗಳು. ಅವನ್ನು ಗಡ್ಡೆಯೆಂದು ತಿಳಿದು ತೆಗೆಸುವ ಪ್ರಶ್ನೆಯೇ ಇಲ್ಲ, ಅದರ ಚಿಕಿತ್ಸೆಯ ದಾರಿಯೇ ಬೇರೆ. ಎರಡನೆಯದು ಕ್ಯಾನ್ಸರಿನ ಭಯ. ಮುಟ್ಟು ನಿಲ್ಲದ ವಯಸ್ಸಿನಲ್ಲಿ ತೊಂದರೆ ಕೊಡುವ ಅಂಡಾಶಯದ ಸಿಸ್ಟ್ ಕ್ಯಾನ್ಸರ್ ಆಗಿರುವುದು ಸಾವಿರಕ್ಕೆ ಸುಮಾರು ಒಂದು, 50ರ ವಯಸ್ಸಿಗೆ ಸಾವಿರಕ್ಕೆ ಮೂರು. ಕ್ಯಾನ್ಸರಿನ ಸುಳಿವಿಗೆಂದು ಮಾಡುವ ಸಿಎ-125 ಎಂಬ ರಕ್ತಪರೀಕ್ಷೆಯ ಸಂಖ್ಯೆ ಮುಟ್ಟಿನ ದಿನಗಳಲ್ಲಿ, ಚಾಕೊಲೇಟ್ ಸಿಸ್ಟ್ ಇರುವವರಲ್ಲಿ ಕ್ಯಾನ್ಸರ್ ಇಲ್ಲದೆಯೂ ಏರಿರಬಹುದು. ನನ್ನದು 68 ಬಂದಿತ್ತು, ಮತ್ತು ಆ ಒಂದು ಸಂಖ್ಯೆಗಾಗಿ ಅಮ್ಮ ಮೂರು ರಾತ್ರಿ ನಿದ್ದೆ ಮಾಡಿರಲಿಲ್ಲ.

ಮಕ್ಕಳಾಗುವ ಪ್ರಶ್ನೆ ನಿಜವಾಗಿ ಕಠಿಣವಾಗುವುದು ಚಾಕೊಲೇಟ್ ಸಿಸ್ಟಿನಲ್ಲಿ. ಗರ್ಭಕೋಶದ ಒಳಪದರದಂಥದೇ ಅಂಗಾಂಶ ಅಂಡಾಶಯದಲ್ಲಿ ಬೇರೂರಿ, ಮುಟ್ಟಿನ ಹೊತ್ತಿಗೆ ಅಲ್ಲಿಯೂ ರಕ್ತ ಒಸರಿ, ಹೋಗಲು ದಾರಿಯಿಲ್ಲದೆ ವರ್ಷಗಟ್ಟಲೆ ಶೇಖರವಾಗಿ ಕಂದುಬಣ್ಣದ ಗಟ್ಟಿ ದ್ರವವಾಗುತ್ತದೆ. ಅದು ಅಲ್ಲಿದ್ದರೂ ಸುತ್ತಲಿನ ಅಂಡಾಣುಗಳಿಗೆ ಹಾನಿ. ಅದನ್ನು ತೆಗೆಯುವುದರಿಂದಲೂ ಹಾನಿ. ಯಾಕೆ ಎಂದು ನಾನು ಕೇಳಿದಾಗ ಮಂಗಳೂರಿನ ವೈದ್ಯೆ ಹೇಳಿದ ಹೋಲಿಕೆಯನ್ನು ನಾನು ಮರೆತಿಲ್ಲ. ಡರ್ಮಾಯ್ಡ್ ತೆಗೆಯುವುದು ಹಣ್ಣಾದ ಹಲಸಿನಿಂದ ತೊಳೆ ಬಿಡಿಸಿದ ಹಾಗೆ, ಕೈಯಿಟ್ಟರೆ ಬಂದುಬಿಡುತ್ತದೆ. ಚಾಕೊಲೇಟ್ ಸಿಸ್ಟಿನದು ಎಳೆ ಹಲಸು, ಅಂಟಿನ ಜೊತೆಗೆ ನಾರೂ ಸೇರಿ ಕಿತ್ತುಬರುತ್ತದೆ ಎಂದರು. ಅಂಡಾಣುಗಳಿರುವುದು ಅಂಡಾಶಯದ ಹೊರಪದರದಲ್ಲಿ, ಮತ್ತು ಈ ಸಿಸ್ಟಿನ ಗೋಡೆ ಅಂಟಿಕೊಂಡಿರುವುದು ಆ ಪದರಕ್ಕೇ. ಎಷ್ಟೇ ನುರಿತ ಕೈಯಾದರೂ ಗೋಡೆಯೊಡನೆ ಒಂದಿಷ್ಟು ಆರೋಗ್ಯವಂತ ಪದರ ಹೊರಬರುತ್ತದೆ. ಬರೀ ದ್ರವವನ್ನು ಸೂಜಿಯಿಂದ ಎಳೆದುಬಿಟ್ಟರೆ ಸಾಲದೇ ಎಂದರೆ, ಗೋಡೆ ಉಳಿದಿರುವುದರಿಂದ ಕೆಲವೇ ತಿಂಗಳಲ್ಲಿ ಮತ್ತೆ ತುಂಬಿಕೊಳ್ಳುವುದೇ ಹೆಚ್ಚು. ಹೀಗಾಗಿ ಆಪರೇಷನ್ ಮಾಡಿಸುವುದಾದರೆ ಅದನ್ನು ಜೀವಮಾನದಲ್ಲಿ ಒಮ್ಮೆ ಮಾತ್ರ, ಸರಿಯಾದ ಕಾಲದಲ್ಲಿ, ಸರಿಯಾದ ಕೈಯಲ್ಲಿ ಮಾಡಿಸಬೇಕು. ಎರಡನೆಯ ಸಲ ಅದೇ ಅಂಡಾಶಯದ ಮೇಲೆ ಕೈಯಿಟ್ಟರೆ ಉಳಿಯುವುದು ಇನ್ನೂ ಕಡಿಮೆ.

ಅಂಡಾಶಯದಲ್ಲಿ ಉಳಿದಿರುವ ಅಂಡಾಣುಗಳ ದಾಸ್ತಾನಿನ ಅಂದಾಜು ಕೊಡುವುದು ಎಎಂಎಚ್ ಎಂಬ ರಕ್ತಪರೀಕ್ಷೆ. ನನ್ನದು ಆಗ 2.6 ಇತ್ತು. ಇದನ್ನು ಆಪರೇಷನ್ನಿಗೆ ಮೊದಲು ಮಾಡಿಸಿಟ್ಟುಕೊಳ್ಳದಿದ್ದರೆ ನಂತರ ಏನು ಕಳೆದುಕೊಂಡೆವೆಂಬುದೇ ತಿಳಿಯುವುದಿಲ್ಲ, ಮತ್ತು ಮೊದಲ ಆಸ್ಪತ್ರೆಯಲ್ಲಿ ಅದರ ಹೆಸರನ್ನೇ ಯಾರೂ ಎತ್ತಿರಲಿಲ್ಲವೆಂಬುದು ನನಗೆ ಈಗಲೂ ಬೇಸರದ ಸಂಗತಿ. ಆದರೆ ಈ ಸಂಖ್ಯೆಗೂ ಮಿತಿಯಿದೆ. ಅದು ಎಣಿಕೆಯನ್ನು ಹೇಳುತ್ತದೆ, ಗುಣವನ್ನಲ್ಲ. ಸಹಜವಾಗಿ ಗರ್ಭ ನಿಲ್ಲುತ್ತದೆಯೋ ಇಲ್ಲವೋ ಎಂಬುದನ್ನು ಅದರಿಂದ ಹೇಳಲಾಗುವುದಿಲ್ಲ. ಎಎಂಎಚ್ ಕಡಿಮೆ ಬಂದಿತೆಂದು ತನಗೆ ಮಕ್ಕಳೇ ಆಗುವುದಿಲ್ಲವೆಂದು ತೀರ್ಮಾನಿಸಿ ಕಣ್ಣೀರು ಹಾಕುವ ಗೆಳತಿಯರನ್ನು ಕಂಡಿದ್ದೇನೆ. ಅಷ್ಟು ದೊಡ್ಡ ತೀರ್ಪನ್ನು ಕೊಡುವ ಶಕ್ತಿ ಆ ಪರೀಕ್ಷೆಗಿಲ್ಲ.

ಮದುವೆ, ಮಗು ಎರಡೂ ಸದ್ಯಕ್ಕಿಲ್ಲ ಎಂದಾದ ಮೇಲೆ ನಾನು ಆಯ್ದುಕೊಂಡದ್ದು ಡೈನೋಜೆಸ್ಟ್ ಎಂಬ ಹಾರ್ಮೋನ್ ಮಾತ್ರೆ, ದಿನಕ್ಕೆ 2 ಮಿಲಿಗ್ರಾಂ. ಮೊದಲ ನಾಲ್ಕು ತಿಂಗಳು ಆಗಾಗ ರಕ್ತದ ಕಲೆ ಬೀಳುತ್ತಿತ್ತು, ತಲೆನೋವಿತ್ತು, ಸಣ್ಣ ಮಾತಿಗೂ ಅಳು ಬರುತ್ತಿತ್ತು. ಆರನೆಯ ತಿಂಗಳಿನಿಂದ ಮುಟ್ಟು ನಿಂತಿತು, ಅದರೊಂದಿಗೆ ನೋವೂ ನಿಂತಿತು. ಸಿಸ್ಟ್ 4.1ಕ್ಕೆ ಇಳಿಯಿತು. ಹೀಗೆ ಸುಮಾರು ಎರಡೂವರೆ ವರ್ಷ ನಾನು ನೆಮ್ಮದಿಯಿಂದ ಪಾಠ ಮಾಡಿದೆ, ಪ್ರವಾಸ ಹೋದೆ, ಪಿಎಚ್‌ಡಿ ಮುಗಿಸಿದೆ. ಈ ಮಾತ್ರೆ ಸಿಸ್ಟನ್ನು ಬುಡಸಮೇತ ತೆಗೆಯುವುದಿಲ್ಲ, ತೆಗೆದುಕೊಳ್ಳುವಷ್ಟು ಕಾಲ ಅಂಡೋತ್ಪತ್ತಿಯೂ ನಿಲ್ಲುವುದರಿಂದ ಮಗು ಬೇಕೆನ್ನುವವರಿಗೆ ಒಗ್ಗುವುದಿಲ್ಲ. ಅದು ಕೊಡುವುದು ಕಾಲಾವಕಾಶ. ನನಗೆ ಬೇಕಾಗಿದ್ದದ್ದೂ ಅದೇ.

ಆ ದಿನಗಳಲ್ಲಿ ಒಮ್ಮೆ ತೀರ್ಥಹಳ್ಳಿಯ ದೊಡ್ಡಮ್ಮ ನಮ್ಮ ಮನೆಗೆ ಬಂದವರು, ಹಿತ್ತಲಿನಲ್ಲಿ ಹೂ ಕಟ್ಟುತ್ತ ಕುಳಿತಿದ್ದಾಗ ತಮ್ಮ ಕತೆ ಹೇಳಿದರು. ಅವರಿಗೆ 34ನೆಯ ವಯಸ್ಸಿನಲ್ಲಿ ನೀರುಗುಳ್ಳೆಯೆಂದು ಗರ್ಭಕೋಶವನ್ನೂ ಎರಡು ಅಂಡಾಶಯಗಳನ್ನೂ ತೆಗೆದಿದ್ದರು. ಗಂಡಸರು ಹೊರಗೆ ಮಾತಾಡಿಕೊಂಡು ಬಂದು ಹೇಳಿದರಂತೆ, ಇಬ್ಬರು ಮಕ್ಕಳಿದ್ದಾರಲ್ಲ, ಇನ್ನೇಕೆ ಬೇಕು ಎಂದು. ಮರುತಿಂಗಳಿನಿಂದಲೇ ಮೈ ಬಿಸಿಯೇರುವುದು, ನಿದ್ದೆಗೇಡು, ಕೆಲವು ವರ್ಷಗಳಲ್ಲಿ ಮೂಳೆ ಸವೆತ. ಅಂಡಾಶಯ ಮಕ್ಕಳಿಗಾಗಿ ಮಾತ್ರ ಇರುವುದಲ್ಲವೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಣ್ಣುಮಕ್ಕಳು ಇಂಥದೇ ಅನಗತ್ಯ ಆಪರೇಷನ್ನುಗಳ ವಿರುದ್ಧ ಬೀದಿಗಿಳಿದು ಪ್ರತಿಭಟಿಸಿದ್ದನ್ನು ಪತ್ರಿಕೆಗಳಲ್ಲಿ ಓದಿದವರಿಗೆ ದೊಡ್ಡಮ್ಮನದು ಒಬ್ಬರ ಕತೆಯಲ್ಲವೆಂದು ಗೊತ್ತಿರುತ್ತದೆ. ಬೇರೆ ರಾಜ್ಯಗಳ ಇಂಥ ಪ್ರಕರಣಗಳ ಅರ್ಜಿಯೊಂದರಲ್ಲಿ ಸುಪ್ರೀಂ ಕೋರ್ಟ್ 2023ರ ಏಪ್ರಿಲಿನಲ್ಲಿ, ಗರ್ಭಕೋಶ ತೆಗೆಯುವ ಕುರಿತ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಬೇಕೆಂದು ರಾಜ್ಯಗಳಿಗೆ ಸೂಚಿಸಿತು.

2021ರ ಕೊನೆಯಲ್ಲಿ ನನ್ನ ಸಿಸ್ಟ್ ಮತ್ತೆ ಬೆಳೆಯಿತು. ಮೂಳೆಯ ಸಾಂದ್ರತೆ ಕುಗ್ಗಬಹುದೆಂಬ ಕಾರಣಕ್ಕೆ ಮಾತ್ರೆಗೆ ಬಿಡುವು ಕೊಟ್ಟಿದ್ದೆ. ಎಂಟು ತಿಂಗಳಲ್ಲಿ ಅದು 7.2 ಸೆಂಟಿಮೀಟರಾಗಿ, ನೋವು ಮುಟ್ಟಿಲ್ಲದ ದಿನಗಳಿಗೂ ಹಬ್ಬಿತು. ಈಗ ಆಪರೇಷನ್ ಬೇಡವೆನ್ನುವ ಸ್ಥಿತಿ ಇರಲಿಲ್ಲ. ವಯಸ್ಸು 32, ಎಎಂಎಚ್ 1.9. ಆಗ ವೈದ್ಯೆ ಮುಂದಿಟ್ಟದ್ದು, ಆಪರೇಷನ್ನಿಗೆ ಮೊದಲು ಅಂಡಾಣುಗಳನ್ನು ತೆಗೆದು ಹೆಪ್ಪುಗಟ್ಟಿಸಿಡುವ ದಾರಿಯನ್ನು. ಮದುವೆಯಾಗದವಳಿಗೆ ಇದು ಕಾನೂನಿನಲ್ಲಿ ಸಾಧ್ಯವೇ ಎಂಬುದು ನನ್ನ ಮೊದಲ ಸಂದೇಹವಾಗಿತ್ತು. ಆಗಷ್ಟೇ ಬಂದಿದ್ದ 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆಯು ಕ್ಲಿನಿಕ್ಕಿಗೆ ಬರುವ 21 ವರ್ಷ ಮೀರಿದ ಯಾವ ಹೆಣ್ಣನ್ನೂ ‘ಮಹಿಳೆ’ ಎಂದೇ ಕರೆಯುತ್ತದೆ, ಮದುವೆಯ ಮಾತನ್ನು ಅಲ್ಲಿ ತರುವುದಿಲ್ಲ ಎಂದು ಅವರು ತಿಳಿಸಿದರು. ಅಂಡಾಣು ತೆಗೆಯುವ ಒಂದು ಸುತ್ತಿನ ಖರ್ಚು ಆಗ ಔಷಧಿಯೂ ಸೇರಿ ಒಂದೂಮುಕ್ಕಾಲು ಲಕ್ಷ ರೂಪಾಯಿ. ಎಲ್ಲರಿಗೂ ಕೈಗೆಟುಕುವ ಮಾತಲ್ಲ ಇದು, ಮತ್ತು ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಂತ ಹುಡುಗಿಗೆ ಇಂಥದೊಂದಿದೆ ಎಂಬ ಸುದ್ದಿಯಾದರೂ ತಲುಪಬೇಕೆಂದು ನನಗೆ ಬಲವಾಗಿ ಅನಿಸುತ್ತದೆ.

ಹನ್ನೊಂದು ದಿನ ಹೊಕ್ಕುಳ ಪಕ್ಕದ ಚರ್ಮಕ್ಕೆ ಇಂಜೆಕ್ಷನ್ ಚುಚ್ಚಿಕೊಳ್ಳಬೇಕಿತ್ತು. ಮೊದಲ ದಿನ ನನ್ನ ಕೈ ನಡುಗುವುದನ್ನು ನೋಡಿ ಅಮ್ಮ, “ಕೊಡು ಇಲ್ಲಿ” ಎಂದು ತಾನೇ ತೆಗೆದುಕೊಂಡಳು. ಆಮೇಲೆ ಪ್ರತಿ ರಾತ್ರಿ ಎಂಟು ಗಂಟೆಗೆ ಸರಿಯಾಗಿ, ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆಯ ಹಿಂದಿಟ್ಟಿದ್ದ ಪೆನ್ನನ್ನು ತೆಗೆದು, ಡೋಸಿನ ಸಂಖ್ಯೆಯನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ನನ್ನ ಹೊಟ್ಟೆಯ ಚರ್ಮವನ್ನು ಎಡಗೈಯ ಎರಡು ಬೆರಳಲ್ಲಿ ಹಿಡಿದೆತ್ತಿ ಚುಚ್ಚಿ, ಹತ್ತರವರೆಗೆ ಎಣಿಸಿ ಸೂಜಿ ಹೊರತೆಗೆಯುತ್ತಿದ್ದಳು. ಎಣಿಸುವಾಗ ಅವಳ ತುಟಿ ಮಾತ್ರ ಆಡುತ್ತಿತ್ತು. ಯಾರಿಗೂ ಹೇಳಬೇಡವೆಂದಿದ್ದ ಅಮ್ಮ ನಾಲ್ಕನೆಯ ದಿನ ತನ್ನ ತಂಗಿಗೆ ಫೋನಿನಲ್ಲಿ ಎಲ್ಲವನ್ನೂ ಬಿಡಿಸಿ ಹೇಳುತ್ತಿದ್ದಳು. ಒಟ್ಟು ಏಳು ಅಂಡಾಣುಗಳು ಸಿಕ್ಕವು, ಎಡದಿಂದ ಐದು, ಬಲದಿಂದ ಎರಡು. ಪಕ್ವವಾಗಿದ್ದ ಐದನ್ನು ಇಟ್ಟರು. ಐದು ಅಂಡಾಣುವೆಂದರೆ ಒಂದು ಮಗುವಿನ ಭರವಸೆಯಲ್ಲ, ಒಂದು ಸಾಧ್ಯತೆ ಮಾತ್ರ ಎಂದು ವೈದ್ಯೆ ಸ್ಪಷ್ಟವಾಗಿಯೇ ಹೇಳಿದರು.

2022ರ ಮಾರ್ಚಿನಲ್ಲಿ ಲ್ಯಾಪ್ರೋಸ್ಕೋಪಿ (ಸಣ್ಣ ತೂತುಗಳ ಮೂಲಕ ಮಾಡುವ ಆಪರೇಷನ್) ಆಯಿತು. ಹಿಂದಿನ ದಿನ ನಾನು ಮೂರು ಮಾತುಗಳನ್ನು ಕೇಳಿ, ಅವರು ಕೊಟ್ಟ ಉತ್ತರವನ್ನು ಒಪ್ಪಿಗೆ ಪತ್ರದಲ್ಲಿಯೇ ಬರೆಸಿದೆ: ವಿದ್ಯುತ್ತಿನಿಂದ ಸುಟ್ಟರೆ ಸುತ್ತಲಿನ ಅಂಡಾಣುಗಳೂ ಹೋಗುತ್ತವಾದ್ದರಿಂದ ರಕ್ತ ನಿಲ್ಲಿಸುವುದಕ್ಕೆ ಸಾಧ್ಯವಾದಷ್ಟು ಕಡೆ ಸುಡದೆ ಹೊಲಿಗೆ ಹಾಕುವುದು; ಎಡ ಅಂಡಾಶಯವನ್ನು ಮುಟ್ಟದಿರುವುದು; ಕ್ಯಾನ್ಸರಿನ ಅನುಮಾನ ಅಥವಾ ಜೀವಕ್ಕೆ ಅಪಾಯವಾಗುವ ರಕ್ತಸ್ರಾವ ಇಲ್ಲದ ಹೊರತು ಬಲ ಅಂಡಾಶಯವನ್ನು ತೆಗೆಯದಿರುವುದು. ಒಂದು ಅಂಡಾಶಯ ಹೋದರೂ ಇನ್ನೊಂದು ಪ್ರತಿ ತಿಂಗಳ ಕೆಲಸವನ್ನು ವಹಿಸಿಕೊಳ್ಳುತ್ತದೆ, ಒಂದರಿಂದಲೇ ತಾಯಂದಿರಾದವರು ಅಸಂಖ್ಯ ಮಂದಿಯಿದ್ದಾರೆ ಎಂಬುದು ನನಗೆ ತಿಳಿದಿತ್ತು. ಆದರೂ ನನ್ನದು ಎರಡೂ ಇರಬೇಕೆಂಬ ಆಸೆಯನ್ನು ಹೇಳಿಕೊಳ್ಳಲು ನಾನು ಹಿಂಜರಿಯಲಿಲ್ಲ. ಎರಡೂ ಉಳಿದವು. ಮೂರು ತಿಂಗಳ ನಂತರ ಎಎಂಎಚ್ 1.1ಕ್ಕೆ ಇಳಿದಿತ್ತು, ವರ್ಷ ತುಂಬುವ ಹೊತ್ತಿಗೆ 1.4ಕ್ಕೆ ಏರಿತು. ಕಳೆದುಕೊಂಡದ್ದು ಕಡಿಮೆಯೇನಲ್ಲ. ಆದರೆ ಅದನ್ನು ತಿಳಿದೇ ಒಪ್ಪಿಕೊಂಡಿದ್ದೆ, ನೋವಿಲ್ಲದ ಬೆಳಗುಗಳು ಅದರ ಬದಲಿಗೆ ಬಂದಿದ್ದವು.

ನಂತರದ ಮದುವೆಯ ಮಾತುಕತೆಗಳಲ್ಲಿ ಅಮ್ಮ ಅಡ್ಡಬರಲಿಲ್ಲ, ನಾನೇ ಮೊದಲು ಹೇಳಿಬಿಡುತ್ತಿದ್ದೆ. ಎರಡು ಕಡೆಯವರು ಜಾತಕ ಕೂಡಲಿಲ್ಲವೆಂದು ತಿಳಿಸಿದರು. ಮೂರನೆಯವರು, ಈಗ ನನ್ನ ಗಂಡ, ಸಾಗರದ ಒಂದು ಹೋಟೆಲಿನಲ್ಲಿ ಕಾಫಿ ಆರುವವರೆಗೆ ಸುಮ್ಮನಿದ್ದು, “ಆವಾಗ ನೋವು ತುಂಬಾ ಇತ್ತಾ?” ಎಂದು ಕೇಳಿದರು. ಏಳು ವರ್ಷದಲ್ಲಿ ಮಕ್ಕಳ ಸುದ್ದಿಗೆ ಮೊದಲು ನೋವಿನ ಸುದ್ದಿ ಕೇಳಿದವರಲ್ಲಿ ಅವರು ಎರಡನೆಯವರು.

ಕಳೆದ ತಿಂಗಳು, ಮುಟ್ಟಾದ ಹನ್ನೆರಡನೆಯ ದಿನ, ಮತ್ತೆ ಸ್ಕ್ಯಾನಿಗೆ ಹೋಗಿದ್ದೆವು. ಈಗ ನೀರು ಕುಡಿದು ಕಾಯಬೇಕಾಗಿಲ್ಲ. ಎಡಗಡೆಯಲ್ಲಿ ವಿಶೇಷವೇನಿಲ್ಲವೆಂದ ವೈದ್ಯೆ ಬಲಗಡೆಗೆ ಬಂದು, ಅಳತೆಯ ಎರಡು ಪುಟ್ಟ ಗುರುತುಗಳನ್ನು ಪರದೆಯ ಮೇಲಿಟ್ಟು, ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದ ಹುಡುಗಿಗೆ “ರೈಟ್ ಓವರಿ, 17 ಮಿಲಿಮೀಟರ್” ಎಂದರು. ಹೊಲಿಗೆ ಹಾಕಿದ್ದ ಜಾಗದ ಪಕ್ಕದಲ್ಲಿಯೇ, ತೆಳುಗೋಡೆಯ, ಪೂರ್ತಿ ಕಪ್ಪಾದ, ತಿಳಿನೀರು ತುಂಬಿದ ಒಂದು ಗುಳ್ಳೆ. ಇನ್ನೆರಡು ದಿನ ಬಿಟ್ಟು ಬನ್ನಿ, ಒಡೆದಿದೆಯೋ ನೋಡೋಣ ಎಂದು ಅವರು ಚೀಟಿಯ ಮೇಲೆ ತಾರೀಖು ಬರೆದುಕೊಟ್ಟರು.